ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (1895ರ ಜನವರಿ 1 – 1967ರ ಜನವರಿ 19) ಕರ್ನಾಟಕ ಸಂಗೀತದ ಸುಪ್ರಸಿದ್ಧ ಪಿಟೀಲು ವಿದ್ವಾಂಸರು, ವಾಗ್ಗೇಯಕಾರರು ಮತ್ತು ಬೋಧಕರು. ಮೈಸೂರು ಟಿ. ಚೌಡಯ್ಯ ಎಂಬ ಹೆಸರಿನಿಂದ ದಕ್ಷಿಣ ಭಾರತದಾದ್ಯಂತ ಖ್ಯಾತರಾಗಿದ್ದ ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು ಹಾಗೂ ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರು. ಸಭೆಯ ಕೊನೆಯ ಸಾಲಿನವರಿಗೂ ನಾದ ಕೇಳಿಸಬೇಕೆಂಬ ಉದ್ದೇಶದಿಂದ, ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರೊಂದಿಗೆ ಅವರನ್ನು ಆ ಕಾಲದ ಪಿಟೀಲು ತ್ರಿಮೂರ್ತಿಗಳಲ್ಲಿ ಒಬ್ಬರೆಂದು ಪರಿಗಣಿಸಲಾಗಿದೆ. ಬೆಂಗಳೂರಿನ ಮಲ್ಲೇಶ್ವರ ಭಾಗದಲ್ಲಿರುವ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವು ಅವರ ನೆನಪಿಗಾಗಿ ನಿರ್ಮಾಣವಾದದ್ದು.

ಜನನ ಮತ್ತು ಬಾಲ್ಯ

ಚೌಡಯ್ಯನವರು ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಕ್ಷೇತ್ರವು ಟಿ. ನರಸೀಪುರ ಪಟ್ಟಣಕ್ಕೆ ಹೊಂದಿಕೊಂಡಿದೆ. ಎರಡು ನದಿಗಳ ಜೊತೆಗೆ ಸ್ಫಟಿಕ ಸರೋವರವೂ ಇಲ್ಲಿ ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಇದನ್ನು ತ್ರಿವೇಣಿ ಸಂಗಮವೆಂದು ಕರೆಯುತ್ತಾರೆ. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ತಂದೆಯ ಹೆಸರು ಸಂಗಮದ ದೈವವಾದ ಅಗಸ್ತ್ಯೇಶ್ವರನನ್ನು ನೆನಪಿಸುತ್ತದೆ. ಚೌಡಯ್ಯನವರ ಹೆಸರಿನ ಮೊದಲಿಗೆ ಬರುವ ‘ಟಿ’ ಅಕ್ಷರವು ತಿರುಮಕೂಡಲನ್ನು ಸೂಚಿಸುತ್ತದೆ.

ಅಂದಿನ ಸಂಗೀತ ಸಭೆಗಳಲ್ಲಿ ವಿದ್ವಾಂಸರಾಗಿ ಮನ್ನಣೆ ಪಡೆದವರಲ್ಲಿ ಬಹುಪಾಲು ಮಂದಿ ಪರಂಪರೆಯಿಂದ ಸಂಗೀತವನ್ನೇ ವೃತ್ತಿಯಾಗಿ ಉಳಿಸಿಕೊಂಡು ಬಂದ ಮನೆತನಗಳಿಗೆ ಸೇರಿದವರು. ಒಕ್ಕಲಿಗ ಕುಟುಂಬದ ಹುಡುಗನೊಬ್ಬ ಪಿಟೀಲನ್ನು ಜೀವನೋಪಾಯವಾಗಿ ಆರಿಸಿಕೊಳ್ಳುವುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಆದರೂ ಬಾಲಕನ ಒಲವನ್ನು ಕಂಡ ಮನೆಯವರು ಅವನನ್ನು ಸಂಗೀತ ಕಲಿಯಲು ಮೈಸೂರಿಗೆ ಕಳುಹಿಸಿದರು.

ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ

1910ರಲ್ಲಿ ಚೌಡಯ್ಯನವರು ಮೈಸೂರಿನ ಪ್ರಖ್ಯಾತ ಗಾಯಕ ಬಿಡಾರಂ ಕೃಷ್ಣಪ್ಪನವರ (1866–1931) ಶಿಷ್ಯರಾದರು. ದಕ್ಷಿಣ ಕನ್ನಡ ಸೀಮೆಯ ನಂದಳಿಕೆಯಲ್ಲಿ ಹುಟ್ಟಿದ ಕೃಷ್ಣಪ್ಪನವರು ಬಡತನದಿಂದ ಮೇಲೆ ಬಂದು ಮೈಸೂರು ಅರಮನೆಯ ಮನ್ನಣೆ ಗಳಿಸಿದ್ದರು. ದಾಸರ ಪದಗಳನ್ನು ಕಚೇರಿಯಲ್ಲಿ ಗಾಂಭೀರ್ಯದಿಂದ ಹಾಡಿ ಅವುಗಳಿಗೆ ವಿದ್ವತ್ಸಭೆಯಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅವರು ಪ್ರಮುಖರು.

ಗುರುಕುಲದ ಶಿಸ್ತು ಕಠಿಣವಾಗಿತ್ತು. 1918ರವರೆಗೆ, ಸುಮಾರು ಎಂಟು ವರ್ಷಗಳ ಕಾಲ, ಚೌಡಯ್ಯನವರು ಗುರುಗಳ ಮನೆಯಲ್ಲಿ ಸಾಧನೆ ನಡೆಸಿದರು. ಗುರುಗಳು ಗಾಯಕರಾದ್ದರಿಂದ ಶಿಷ್ಯನ ಪಿಟೀಲು ವಾದನಕ್ಕೆ ಗಾಯನವೇ ಆಧಾರವಾಯಿತು. ಹಾಡುವವರು ಉಸಿರನ್ನು ಎಲ್ಲಿ ನಿಲ್ಲಿಸುತ್ತಾರೆ, ಸಾಹಿತ್ಯದ ಪದವನ್ನು ಎಲ್ಲಿ ಒಡೆಯಬಾರದು, ಗಮಕವನ್ನು ಎಷ್ಟು ಎಳೆಯಬೇಕು ಎಂಬ ತಿಳಿವಳಿಕೆ ಅವರ ಕಮಾನಿಗೆ ಬಂದದ್ದು ಈ ಶಿಕ್ಷಣದಿಂದ. ಮುಂದೆ ದಕ್ಷಿಣ ಭಾರತದ ಹಿರಿಯ ಗಾಯಕರು ಅವರನ್ನು ಪಕ್ಕವಾದ್ಯಕ್ಕೆ ಬಯಸಿದ್ದಕ್ಕೆ ಇದು ಮುಖ್ಯ ಕಾರಣವಾಯಿತು. ಗುರುಗಳ ಕಚೇರಿಗಳಿಗೇ ಪಕ್ಕವಾದ್ಯ ನುಡಿಸುತ್ತ ಅವರು ವೇದಿಕೆಯ ಅನುಭವವನ್ನು ಪಡೆದರು.

ಧ್ವನಿವರ್ಧಕಗಳಿಲ್ಲದ ಕಾಲದ ಕಚೇರಿ

ಚೌಡಯ್ಯನವರ ಮುಖ್ಯ ಸಾಧನೆಯನ್ನು ಅರಿಯಲು ಅಂದಿನ ಕಚೇರಿಗಳ ಪರಿಸ್ಥಿತಿಯನ್ನು ತಿಳಿಯಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದವರೆಗೆ ಸಂಗೀತವು ಬಹುಮಟ್ಟಿಗೆ ಅರಮನೆ, ದೇವಾಲಯ ಮತ್ತು ಶ್ರೀಮಂತರ ತೊಟ್ಟಿಮನೆಗಳಲ್ಲಿ ನಡೆಯುತ್ತಿತ್ತು. ಅಲ್ಲಿ ಕೇಳುಗರು ಕೆಲವರು, ಅವರೂ ಹತ್ತಿರದಲ್ಲಿ ಕುಳಿತವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಗೀತ ಸಭೆಗಳು ಹುಟ್ಟಿಕೊಂಡವು. ಬೆಂಗಳೂರಿನ ಗಾಯನ ಸಮಾಜವು 1905ರಲ್ಲಿ ಸ್ಥಾಪನೆಯಾಯಿತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲಿ ಗಣೇಶೋತ್ಸವ, ರಾಮನವಮಿಗಳ ಸಂದರ್ಭದಲ್ಲಿ ಚಪ್ಪರ ಹಾಕಿ ಸಾರ್ವಜನಿಕರಿಗಾಗಿ ಕಚೇರಿಗಳನ್ನು ಏರ್ಪಡಿಸುವ ಪದ್ಧತಿ ಬೆಳೆಯಿತು. ಕೇಳುಗರ ಸಂಖ್ಯೆ ನೂರಾರು, ಕೆಲವೊಮ್ಮೆ ಸಾವಿರಾರು ಆಯಿತು.

ವಾದ್ಯಗಳು ಮಾತ್ರ ಹಿಂದಿನವೇ ಆಗಿದ್ದವು. ಬಯಲಿನಲ್ಲಿ ಧ್ವನಿಯ ಮೂಲದಿಂದ ಇರುವ ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಲ್ಲಿನ ಮಂಟಪದಲ್ಲಿ ಗೋಡೆಗಳು ನಾದವನ್ನು ಹಿಂದಿರುಗಿಸಿ ನೆರವಾಗುತ್ತವೆ. ಬಟ್ಟೆ ಮತ್ತು ತೆಂಗಿನ ಗರಿಯ ಚಪ್ಪರದಲ್ಲಿ ಆ ನೆರವು ಇರುವುದಿಲ್ಲ. ಗಾಯಕರು ಏರು ಶ್ರುತಿಯಲ್ಲಿ ತೆರೆದ ಕಂಠದಿಂದ ಹಾಡಿ ಈ ಕೊರತೆಯನ್ನು ನೀಗಿಸಿಕೊಳ್ಳುತ್ತಿದ್ದರು. ನಾಗಸ್ವರಕ್ಕೆ ತೊಂದರೆಯಿರಲಿಲ್ಲ. ವೀಣೆ ಮತ್ತು ಪಿಟೀಲುಗಳ ಸ್ಥಿತಿ ಹಾಗಿರಲಿಲ್ಲ.

ಪಿಟೀಲಿಗೆ ಇನ್ನೊಂದು ವಿಶೇಷ ತೊಡಕಿತ್ತು. ಪಾಶ್ಚಾತ್ಯ ಸಂಗೀತದಲ್ಲಿ ಅದರ ತಂತಿಗಳನ್ನು ನಿಗದಿತ ಎತ್ತರದ ಸ್ವರಗಳಿಗೆ ಬಿಗಿದು ನುಡಿಸುತ್ತಾರೆ. ಕರ್ನಾಟಕ ಸಂಗೀತದಲ್ಲಿ ಗಾಯಕರ ಶ್ರುತಿಗೆ ಹೊಂದುವಂತೆ ಷಡ್ಜ, ಪಂಚಮ, ಷಡ್ಜ, ಪಂಚಮ ಎಂಬ ಕ್ರಮದಲ್ಲಿ ತಂತಿಗಳನ್ನು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಇಳಿಸಬೇಕಾಗುತ್ತದೆ. ಬಿಗಿ ಕಡಿಮೆಯಾದಂತೆ ಗಮಕಗಳಿಗೆ ಅನುಕೂಲವಾಗುತ್ತದೆ. ಆದರೆ ವಾದ್ಯದ ಒಡಲಿಗೆ ತಲುಪುವ ಕಂಪನ ತಗ್ಗಿ ನಾದವು ಮೃದುವಾಗುತ್ತದೆ. ವಾದಕರು ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಪಾದದ ಮೇಲೆ ಇರಿಸಿಕೊಳ್ಳುವುದರಿಂದ ನಾದವು ಎದುರಿನ ಜನರ ನಡುವೆಯೇ ಅಡಗಿಹೋಗುವುದೂ ಉಂಟು.

ಇದೇ ಸಮಸ್ಯೆ ಯುರೋಪಿನಲ್ಲಿ ಬೇರೊಂದು ಸನ್ನಿವೇಶದಲ್ಲಿ ಎದುರಾಗಿತ್ತು. ವಿದ್ಯುತ್ ಧ್ವನಿಮುದ್ರಣ ಬರುವ ಮೊದಲು ಪಿಟೀಲಿನ ದನಿಯು ಗ್ರಾಮಫೋನ್ ತಟ್ಟೆಯಲ್ಲಿ ಸರಿಯಾಗಿ ದಾಖಲಾಗುತ್ತಿರಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ಅಗಸ್ಟಸ್ ಸ್ಟ್ರೋ ಅವರು 1899ರಲ್ಲಿ ಮರದ ಒಡಲಿನ ಬದಲು ಲೋಹದ ಕೊಳವೆಯುಳ್ಳ ಪಿಟೀಲಿಗೆ ಹಕ್ಕುಪತ್ರ ಪಡೆಯಲು ಮುಂದಾದರು. ದನಿ ಜೋರಾಯಿತು, ಆದರೆ ಪಿಟೀಲಿನ ಸಹಜ ನಾದದ ಮಾಧುರ್ಯ ಕುಗ್ಗಿತು. 1925ರ ನಂತರ ವಿದ್ಯುತ್ ಧ್ವನಿಮುದ್ರಣ ರೂಢಿಗೆ ಬಂದಂತೆ ಆ ವಾದ್ಯದ ಬಳಕೆ ಕ್ಷೀಣಿಸಿತು. ಚೌಡಯ್ಯನವರು ಮರದ ಒಡಲನ್ನು ಬಿಡದೆ ಬೇರೆ ದಾರಿಯನ್ನು ಹುಡುಕಿದರು.

ಏಳು ತಂತಿಗಳ ಪಿಟೀಲು

1927ರ ಹೊತ್ತಿಗೆ ಚೌಡಯ್ಯನವರು ಪ್ರಮುಖ ಪಿಟೀಲು ವಾದಕರೆಂದು ಹೆಸರಾಗಿದ್ದರು. ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ತಮ್ಮ ವಾದನ ಸರಿಯಾಗಿ ಕೇಳಿಸುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು. ಮೂಲ ತಂತಿಗಳಿಗೆ ಜೋಡಿಯಾಗಿ ಮೂರು ತಂತಿಗಳನ್ನು ಅಳವಡಿಸಿ, ಒಟ್ಟು ಏಳು ತಂತಿಗಳ ಪಿಟೀಲನ್ನು ಅವರು ಸಿದ್ಧಪಡಿಸಿಕೊಂಡರು. ಮುಂದೆ 19 ತಂತಿಗಳ ಪಿಟೀಲನ್ನೂ ಪ್ರಯೋಗಿಸಿದರಾದರೂ ಅವರ ಹೆಸರಿನೊಂದಿಗೆ ಬೆಸೆದುಕೊಂಡದ್ದು ಏಳು ತಂತಿಗಳ ವಾದ್ಯವೇ.

ಕಮಾನನ್ನು ಎಳೆದಾಗ ಒಂದು ತಂತಿಯ ಬದಲು ಜೋಡಿ ತಂತಿಗಳು ಒಟ್ಟಿಗೆ ಮಿಡಿಯುವುದು ಈ ರಚನೆಯ ತತ್ತ್ವ. ತಂತಿಗಳು ಎರಡಾದ ಮಾತ್ರಕ್ಕೆ ಕಿವಿಗೆ ಕೇಳುವ ದನಿ ಎರಡರಷ್ಟಾಗುವುದಿಲ್ಲ. ಧ್ವನಿಯ ಶಕ್ತಿ ಇಮ್ಮಡಿಯಾದರೆ ಮಟ್ಟವು ಸುಮಾರು 3 ಡೆಸಿಬೆಲ್‌ನಷ್ಟು ಏರುತ್ತದೆ. ಆದರೆ ಎರಡು ತಂತಿಗಳ ಕಂಪನಗಳ ನಡುವಿನ ಅತಿ ಸೂಕ್ಷ್ಮ ವ್ಯತ್ಯಾಸದಿಂದ ನಾದವು ದಟ್ಟವಾಗುತ್ತದೆ. ಇಬ್ಬರು ಒಂದೇ ಸ್ವರವನ್ನು ಕೂಡಿ ಹಾಡಿದಾಗ ಉಂಟಾಗುವ ತುಂಬುತನವನ್ನು ಇದಕ್ಕೆ ಹೋಲಿಸಬಹುದು. ಚೌಡಯ್ಯನವರ ವಾದನದ ಘನವಾದ, ಮೊಳಗುವ ನಾದಕ್ಕೆ ಈ ದಟ್ಟತೆಯೂ ಕಾರಣವಾಗಿತ್ತು.

ಈ ಲಾಭಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಏಳು ತಂತಿಗಳಿಗೆ ಏಳು ಬಿರಡೆಗಳು ಬೇಕು. ಹೆಚ್ಚಿನ ತಂತಿಗಳ ಒತ್ತಡವನ್ನು ಕುದುರೆ ಮತ್ತು ತೆಳುವಾದ ಮೇಲ್ಹಲಗೆ ತಾಳಬೇಕು. ಎಡಗೈಯ ಬೆರಳು ಒಂದೇ ಜಾಗದಲ್ಲಿ ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು. ಜಾರು ಮತ್ತು ಕಂಪಿತಗಳಲ್ಲಿ ಎರಡನ್ನೂ ಒಂದೇ ಅಳತೆಯಲ್ಲಿ ಎಳೆದೊಯ್ಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಶ್ರುತಿ ಎದ್ದು ಕೇಳುತ್ತದೆ. ಕಮಾನಿನ ಒತ್ತಡವೂ ಹೆಚ್ಚಾಗಿರಬೇಕು. ಕಚೇರಿಯ ನಡುವೆ ಬಿಸಿಲು ತೇವಗಳಿಂದ ತಂತಿಗಳು ಸಡಿಲವಾದರೆ ಶ್ರುತಿ ಮಾಡುವ ಕೆಲಸವೂ ಹೆಚ್ಚು. ಅಸಾಧಾರಣ ಸಾಧನೆಯಿಲ್ಲದವರಿಗೆ ಈ ವಾದ್ಯ ಒಲಿಯುವಂತಹುದಾಗಿರಲಿಲ್ಲ.

ಹೊಸ ವಾದ್ಯಕ್ಕೆ ಗುರುಗಳ ಒಪ್ಪಿಗೆ ದೊರೆತ ಬಗೆಯನ್ನು ಕುರಿತು ಒಂದು ಪ್ರಸಂಗ ಪ್ರಚಲಿತವಾಗಿದೆ. ಸಂಪ್ರದಾಯನಿಷ್ಠರಾದ ಕೃಷ್ಣಪ್ಪನವರು ಏನೆನ್ನುವರೋ ಎಂಬ ಅಳುಕಿನಿಂದ ಚೌಡಯ್ಯನವರು ಅವರಿಗೆ ತಿಳಿಸದೆಯೇ ಏಳು ತಂತಿಗಳ ಮೇಲೆ ಸಾಧನೆ ನಡೆಸಿ, ಬಳಿಕ ಅವರದೇ ಕಚೇರಿಯಲ್ಲಿ ಅದನ್ನು ನುಡಿಸಿದರು. ನಾದದಲ್ಲಿ ಬದಲಾವಣೆಯಾಗಿರುವುದನ್ನು ಗುರುಗಳು ಕೂಡಲೇ ಗುರುತಿಸಿದರು. ಕಾರಣ ವಿಚಾರಿಸಿ, ವಾದ್ಯವನ್ನು ಕಂಡ ಮೇಲೆ ಶಿಷ್ಯನನ್ನು ಗದರಿಸುವ ಬದಲು ಮೆಚ್ಚಿ ಹರಸಿದರು ಎಂದು ಹೇಳಲಾಗುತ್ತದೆ. ಕೃಷ್ಣಪ್ಪನವರು 1931ರಲ್ಲಿ ನಿಧನರಾದರು.

ಪಕ್ಕವಾದ್ಯಗಾರರಾಗಿ

ಚೌಡಯ್ಯನವರು ತನಿ ಕಚೇರಿಗಳನ್ನು ನೀಡಿದರಾದರೂ ಅವರ ಖ್ಯಾತಿ ಹಬ್ಬಿದ್ದು ಮುಖ್ಯವಾಗಿ ಪಕ್ಕವಾದ್ಯದಿಂದ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಹಿರಿಯ ಗಾಯಕರಿಗೆ ಅವರು ಪಿಟೀಲು ನುಡಿಸಿದರು. ಕೊಳಲು ವಿದ್ವಾಂಸ ಟಿ. ಆರ್. ಮಹಾಲಿಂಗಂ ಅವರ ಕಚೇರಿಗಳಲ್ಲಿಯೂ ಭಾಗವಹಿಸಿದರು.

ಇವರಲ್ಲಿ ಚೆಂಬೈ ಅವರೊಂದಿಗಿನ ಜೊತೆಗಾರಿಕೆ ವಿಶೇಷವಾದುದು. ಚೆಂಬೈ ಅವರದು ಕಂಚಿನ ಗಂಟೆಯಂತಹ, ದೂರಕ್ಕೆ ಮುಟ್ಟುವ ಕಂಠ. ಅಂತಹ ಕಂಠದ ಪಕ್ಕದಲ್ಲಿ ನಾಲ್ಕು ತಂತಿಗಳ ಪಿಟೀಲು ಮಂಕಾಗಿ ಕೇಳುವ ಸಂಭವವಿತ್ತು. ಏಳು ತಂತಿಗಳ ನಾದ ಅದಕ್ಕೆ ಸರಿಸಮನಾಗಿ ನಿಲ್ಲುತ್ತಿತ್ತು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದ ಈ ಮೂವರ ಕೂಟವು ರಸಿಕರ ಅಚ್ಚುಮೆಚ್ಚಿನದಾಗಿತ್ತು.

ನಾದದ ಬಲವಿದ್ದರೂ ಪಕ್ಕವಾದ್ಯದ ಮರ್ಯಾದೆಯನ್ನು ಕಾಪಾಡುವ ಹೊಣೆ ವಾದಕರ ಮೇಲಿರುತ್ತದೆ. ಗಾಯಕರು ಬಿಟ್ಟ ಜಾಗವನ್ನು ಅರಿತು ತುಂಬುವುದು, ಆಲಾಪನೆಯ ಛಾಯೆಯನ್ನು ಹಿಂಬಾಲಿಸುವುದು, ಸ್ವರಪ್ರಸ್ತಾರದಲ್ಲಿ ಬಂದ ಲೆಕ್ಕಾಚಾರಕ್ಕೆ ತಡವಿಲ್ಲದೆ ಉತ್ತರಿಸುವುದು ಇವೆಲ್ಲದರಲ್ಲಿ ಚೌಡಯ್ಯನವರ ಪ್ರತ್ಯುತ್ಪನ್ನಮತಿ ಪ್ರಸಿದ್ಧವಾಗಿತ್ತು. ಮದರಾಸು ಕೇಂದ್ರಿತವಾಗಿದ್ದ ಅಂದಿನ ಕರ್ನಾಟಕ ಸಂಗೀತ ಜಗತ್ತಿನಲ್ಲಿ ಮೈಸೂರಿನ ವಿದ್ವಾಂಸರೊಬ್ಬರು ಇಷ್ಟು ಬೇಡಿಕೆ ಗಳಿಸಿದ್ದು ಕನ್ನಡ ನಾಡಿನ ಸಂಗೀತಕ್ಕೆ ಸಂದ ಗೌರವವಾಯಿತು. 1939ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿ ನೇಮಕಗೊಂಡರು. ಪಾಶ್ಚಾತ್ಯ ಮತ್ತು ಭಾರತೀಯ ಸಂಗೀತಗಳೆರಡಕ್ಕೂ ಆಶ್ರಯ ನೀಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರಾಗಿದ್ದರು.

ಧ್ವನಿವರ್ಧಕಗಳ ಆಗಮನ ಮತ್ತು ಹೊಸ ವಾದ್ಯದ ಅಗತ್ಯ

ಏಳು ತಂತಿಗಳ ಪಿಟೀಲು ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ ಅದರ ಅಗತ್ಯವನ್ನು ಪ್ರಶ್ನಿಸುವಂತಹ ಬೆಳವಣಿಗೆ ಬೇರೆಡೆ ನಡೆದಿತ್ತು. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು ಚಲಿಸುವ ಸುರುಳಿಯುಳ್ಳ ಧ್ವನಿವರ್ಧಕವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಇಂದಿನ ಬಹುಪಾಲು ಧ್ವನಿವರ್ಧಕಗಳು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಮುಂದಿನ ದಶಕಗಳಲ್ಲಿ ಮೈಕ್ ಮತ್ತು ಧ್ವನಿವರ್ಧಕಗಳು ದಕ್ಷಿಣ ಭಾರತದ ಸಭೆಗಳನ್ನು ಪ್ರವೇಶಿಸಿದವು. 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವದಂತಹ ದೊಡ್ಡ ಚಪ್ಪರದ ಕಚೇರಿಗಳು ಕಾಲಕ್ರಮದಲ್ಲಿ ಧ್ವನಿವರ್ಧಕವಿಲ್ಲದೆ ನಡೆಯುವುದೇ ಅಸಾಧ್ಯವೆಂಬಂತಾಯಿತು.

ಮೈಕ್ ಬಂದ ಮೇಲೆ ಕಚೇರಿಯ ಸ್ವರೂಪವೇ ಬದಲಾಯಿತು. ಗಾಯಕರು ಶ್ರುತಿಯನ್ನು ಇಳಿಸಿಕೊಂಡರು. ಮೆಲುದನಿಯ ಸೂಕ್ಷ್ಮಗಳು ಹಿಂದಿನ ಸಾಲಿಗೂ ತಲುಪತೊಡಗಿದವು. ಹೀಗಿರುವಾಗ ಮೂರು ಹೆಚ್ಚುವರಿ ತಂತಿಗಳ ಶ್ರಮವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಮೂಡಿತು. ಜೋಡಿ ತಂತಿಗಳಿಂದ ನಾದದ ನಯ ಕಡಿಮೆಯಾಗುತ್ತದೆ, ಸೂಕ್ಷ್ಮ ಗಮಕಗಳು ಮಸುಕಾಗುತ್ತವೆ ಎಂಬುದು ಈ ವಾದ್ಯದ ಬಗೆಗಿನ ಆಕ್ಷೇಪಣೆ. ಸಮಕಾಲೀನರಾದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರು ನಾಲ್ಕು ತಂತಿಗಳಲ್ಲಿಯೇ ನಾದಮಾಧುರ್ಯದ ಶಿಖರವನ್ನು ಮುಟ್ಟಿದ್ದರು ಎಂಬುದನ್ನು ಈ ಪಕ್ಷದವರು ನಿದರ್ಶನವಾಗಿ ನೀಡುತ್ತಾರೆ.

ಇನ್ನೊಂದು ಪಕ್ಷದ ವಾದಕ್ಕೂ ಬಲವಿದೆ. ಧ್ವನಿವರ್ಧಕವು ತನಗೆ ಒದಗಿದ ನಾದವನ್ನು ದೊಡ್ಡದಾಗಿಸುತ್ತದೆಯೇ ಹೊರತು ಅದರಲ್ಲಿಲ್ಲದ ತುಂಬುತನವನ್ನು ತಂದುಕೊಡುವುದಿಲ್ಲ. ಆರಂಭದ ಕಾಲದ ಮೈಕ್ ಮತ್ತು ತುತ್ತೂರಿಯಾಕಾರದ ಧ್ವನಿವರ್ಧಕಗಳು ಮನುಷ್ಯರ ಮಾತಿಗೆ ಬೇಕಾದ ಮಧ್ಯಮ ಎತ್ತರದ ದನಿಯನ್ನು ಮುಂದಕ್ಕೆ ತಂದು, ಮಂದ್ರದ ಗಾಂಭೀರ್ಯವನ್ನೂ ಮೇಲಿನ ಸೂಕ್ಷ್ಮ ಸ್ವರಾಂಶಗಳನ್ನೂ ಕಳೆದುಬಿಡುತ್ತಿದ್ದವು. ಅಂತಹ ಉಪಕರಣದ ಮೂಲಕವೂ ದಟ್ಟವಾದ ನಾದವು ತನ್ನ ಗುರುತನ್ನು ಉಳಿಸಿಕೊಳ್ಳುತ್ತಿತ್ತು. ಜೋರಾದ ದನಿಗಾಗಿ ಹುಟ್ಟಿದ ವಾದ್ಯವು ಕಾಲಾನಂತರದಲ್ಲಿ ತನ್ನದೇ ಆದ ನಾದಗುಣಕ್ಕಾಗಿ ಬೆಲೆಬಾಳತೊಡಗಿತು. ಚೌಡಯ್ಯನವರು ಧ್ವನಿವರ್ಧಕಗಳು ಬಂದ ಮೇಲೂ ಏಳು ತಂತಿಗಳನ್ನು ಕೈಬಿಡಲಿಲ್ಲ.

ಆದರೂ ವಾದ್ಯವಾಗಿ ಅದು ವ್ಯಾಪಕವಾಗಿ ಉಳಿಯಲಿಲ್ಲ. ಮುಂದಿನ ತಲೆಮಾರಿನ ಬಹುಪಾಲು ವಾದಕರು ನಾಲ್ಕು ತಂತಿಗಳಿಗೇ ನಿಷ್ಠರಾದರು. ಕೆಲವರು ಐದು ತಂತಿಗಳ ಪಿಟೀಲನ್ನು ಬಳಸಿದರು. 1980ರ ದಶಕದಲ್ಲಿ ಎಲ್. ಶಂಕರ್ ಅವರು ಪ್ರಚುರಪಡಿಸಿದ ಎರಡು ಕತ್ತಿನ, ಹತ್ತು ತಂತಿಗಳ ಪಿಟೀಲು ವಿದ್ಯುತ್ ವರ್ಧನೆಯನ್ನೇ ನೆಚ್ಚಿಕೊಂಡದ್ದು. ಅದರ ಗುರಿ ಸ್ವರವ್ಯಾಪ್ತಿಯನ್ನು ಹಿಗ್ಗಿಸುವುದೇ ಹೊರತು ದನಿಯನ್ನು ದೂರಕ್ಕೆ ಮುಟ್ಟಿಸುವುದಲ್ಲ. ಚೌಡಯ್ಯನವರ ಪ್ರಯೋಗದ ಹಿಂದಿದ್ದ ಅಗತ್ಯವನ್ನು ಯಂತ್ರವು ಪೂರೈಸಿತು. ಅವರ ನಾದವನ್ನು ಮಾತ್ರ ಅದು ಬೇರೆಯವರಿಗೆ ಒದಗಿಸಲಾರದಾಯಿತು.

ಧ್ವನಿಮುದ್ರಣಗಳು

ಚೌಡಯ್ಯನವರ ವಾದನವು 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಮತ್ತು ಹಿರಿಯ ಗಾಯಕರ ಕಚೇರಿಗಳ ಧ್ವನಿಮುದ್ರಣಗಳಲ್ಲಿ ಉಳಿದುಬಂದಿದೆ. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ. ಆದ್ದರಿಂದ ವಿಸ್ತಾರವಾದ ರಾಗಾಲಾಪನೆಯನ್ನು ಅರಿಯಲು ಕಚೇರಿಯ ಧ್ವನಿಮುದ್ರಣಗಳೇ ಆಧಾರ.

ಈ ಮುದ್ರಣಗಳನ್ನು ಕೇಳುವಾಗ ಒಂದು ಅಂಶವನ್ನು ಗಮನಿಸಬೇಕು. ಆ ಕಾಲದ ತಟ್ಟೆಗಳಲ್ಲಿ ಅತಿ ಮಂದ್ರ ಮತ್ತು ಅತಿ ತಾರದ ಅಂಶಗಳು ಪೂರ್ಣವಾಗಿ ದಾಖಲಾಗುತ್ತಿರಲಿಲ್ಲ. ಹಳೆಯ ಧ್ವನಿವರ್ಧಕದಲ್ಲಿ ಕೇಳಿದರೆ ತಟ್ಟೆಯ ಸರಸರ ಸದ್ದು ಅಡಗಿ ನಾದವು ಹಿತವೆನಿಸಬಹುದು. ಹೊಸ ಧ್ವನಿವರ್ಧಕದಲ್ಲಿ ಸದ್ದೂ ಸ್ಪಷ್ಟವಾಗುತ್ತದೆ, ಕಮಾನಿನ ಚಲನೆಯ ವಿವರಗಳೂ ಸ್ಪಷ್ಟವಾಗುತ್ತವೆ. ಎದುರಿಗೆ ಕುಳಿತು ಕೇಳಿದವರು ಅನುಭವಿಸಿದ ಏಳು ತಂತಿಗಳ ಪೂರ್ಣ ನಾದವನ್ನು ಎರಡೂ ಮರಳಿ ಕೊಡಲಾರವು; ಕಾರಣವೆಂದರೆ ಅದು ಮುದ್ರಣದಲ್ಲಿಯೇ ಪೂರ್ತಿಯಾಗಿ ಇಲ್ಲ.

ವಾಗ್ಗೇಯಕಾರ ಮತ್ತು ಬೋಧಕ

ಚೌಡಯ್ಯನವರು ಹಲವು ಕೃತಿ ಮತ್ತು ತಿಲ್ಲಾನಗಳನ್ನು ರಚಿಸಿದ್ದಾರೆ. ಅವರ ಅಂಕಿತ ‘ತ್ರಿಮಕುಟ’. ಹುಟ್ಟೂರಿನ ಹೆಸರನ್ನೇ ಅಂಕಿತವಾಗಿಸಿಕೊಂಡು ಅವರು ತಿರುಮಕೂಡಲನ್ನು ತಮ್ಮ ಸಂಗೀತದಲ್ಲಿ ಉಳಿಸಿದರು.

ಸಂಗೀತ ಶಿಕ್ಷಣಕ್ಕಾಗಿ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ವಿ. ಸೇತುರಾಮಯ್ಯ, ಆರ್. ಕೆ. ವೆಂಕಟರಾಮಶಾಸ್ತ್ರಿ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಅವರ ಶಿಷ್ಯರಲ್ಲಿ ಪ್ರಮುಖರು. ಚಲನಚಿತ್ರ ಕ್ಷೇತ್ರದಲ್ಲಿಯೂ ಆಸಕ್ತಿ ತಳೆದಿದ್ದ ಅವರು 1943ರಲ್ಲಿ ತೆರೆಕಂಡ, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ‘ವಾಣಿ’ ಚಿತ್ರದ ನಿರ್ಮಾಣದಲ್ಲಿ ಪಾಲ್ಗೊಂಡರು. ಚೆಂಬೈ ಅವರೊಂದಿಗೆ ಚೌಡಯ್ಯನವರು ನುಡಿಸುವ ಕಚೇರಿಯ ದೃಶ್ಯವು ಆ ಚಿತ್ರದ ವಿಶೇಷವಾಗಿತ್ತು.

ಗೌರವ ಮತ್ತು ಪ್ರಶಸ್ತಿಗಳು

- 1939: ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸ ಪದವಿ
- 1957: ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ
- 1957: ಮದರಾಸು ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು

ಪಿಟೀಲು ತ್ರಿಮೂರ್ತಿಗಳಲ್ಲಿ ದ್ವಾರಂ ಅವರು 1941ರಲ್ಲಿ, ರಾಜಮಾಣಿಕ್ಯಂ ಪಿಳ್ಳೆಯವರು 1948ರಲ್ಲಿ ಸಂಗೀತ ಕಲಾನಿಧಿಗಳಾಗಿದ್ದರು.

ನಿಧನ ಮತ್ತು ಸ್ಮಾರಕ

ಚೌಡಯ್ಯನವರು 1967ರ ಜನವರಿ 19ರಂದು, ತಮ್ಮ 72ನೆಯ ವಯಸ್ಸಿನಲ್ಲಿ ನಿಧನರಾದರು. ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಸಂಗೀತ ವಿದ್ವಾಂಸರಿಗೆ ಪ್ರಶಸ್ತಿ ನೀಡುತ್ತ ಬಂದಿದೆ.

ಅವರ ಅಭಿಮಾನಿಯಾಗಿದ್ದ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯು ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನವನ್ನು ನಿರ್ಮಿಸಿತು. ಮಲ್ಲೇಶ್ವರಕ್ಕೆ ಹೊಂದಿಕೊಂಡ ವೈಯಾಲಿಕಾವಲ್ ಪ್ರದೇಶದ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿರುವ ಈ ಸಭಾಂಗಣವು 1980ರಲ್ಲಿ ಉದ್ಘಾಟನೆಗೊಂಡಿತು. ಸಾವಿರಕ್ಕೂ ಹೆಚ್ಚು ಮಂದಿ ಕುಳಿತುಕೊಳ್ಳಬಹುದಾದ ಭವನದ ಹೊರರೂಪವು ಏಳು ತಂತಿಗಳ ಪಿಟೀಲಿನದು. ತಂತಿಗಳು, ಬಿರಡೆಗಳು, ಕುದುರೆ ಮತ್ತು ಕಮಾನುಗಳನ್ನು ಕಟ್ಟಡದ ಭಾಗಗಳಾಗಿಯೇ ರೂಪಿಸಲಾಗಿದೆ. ಸಂಗೀತ ಕಚೇರಿಗಳ ಜೊತೆಗೆ ನಾಟಕ, ನೃತ್ಯ ಮತ್ತು ಸಾರ್ವಜನಿಕ ಸಮಾರಂಭಗಳಿಗೂ ಅದು ಬಳಕೆಯಾಗುತ್ತಿದೆ.

ಈ ಭವನದಲ್ಲಿ ಇಂದು ನಡೆಯುವ ಕಚೇರಿಗಳಲ್ಲಿ ಮೈಕ್ ಮತ್ತು ಧ್ವನಿವರ್ಧಕಗಳ ಬಳಕೆ ಸಾಮಾನ್ಯ. ಕೊನೆಯ ಸಾಲಿಗೆ ನಾದವನ್ನು ತಲುಪಿಸಲು ವಾದಕರು ತಂತಿಗಳನ್ನು ಹೆಚ್ಚಿಸಿಕೊಳ್ಳಬೇಕಾಗಿಲ್ಲ. ಚೌಡಯ್ಯನವರು ಬಿಡಿಸಲು ಯತ್ನಿಸಿದ ಸಮಸ್ಯೆ ಇಂದು ಸಮಸ್ಯೆಯಾಗಿ ಉಳಿದಿಲ್ಲವಾದರೂ, ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಅವರ ಸ್ಮಾರಕದ ಆಕಾರವಾಗಿ ನಿಂತಿದೆ.